ಸ್ಕ್ರಾಲ್ ಸಾದಲ್ಲಿ ಮಾಡಿದ ಪೆಟ್ಟಿಗೆಯ ಮುಚ್ಚಳ ಕೂರದಿದ್ದರೆ: ದೋಷ ಹುಡುಕುವ ಬಗೆ

ಸ್ಕ್ರಾಲ್ ಸಾ ಎಂದರೆ ತೆಳುವಾದ ಬ್ಲೇಡು ಮೇಲೆ ಕೆಳಗೆ ಓಡುತ್ತಾ ಮರವನ್ನು ಕೊಯ್ಯುವ ಯಂತ್ರ. ಅದರಲ್ಲಿ ಸಣ್ಣ ಅಲಂಕಾರದ ಪೆಟ್ಟಿಗೆ ಮಾಡುವವರಿಗೆ ದೋಷ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕೆಲಸದ ಕೊನೆಯಲ್ಲಿ, ಮುಚ್ಚಳ ಕೂರಿಸುವ ಹೊತ್ತಿಗೆ. ಒಂದು ಕಡೆಯಿಂದ ಇಟ್ಟರೆ ಮುಚ್ಚಳ ಲೊಡಲೊಡ ಅಲ್ಲಾಡುತ್ತದೆ, ತಿರುಗಿಸಿ ಇಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಉಜ್ಜು ಕಾಗದ ಹಿಡಿದು ಮುಚ್ಚಳದ ಅಂಚನ್ನು ತಿಕ್ಕತೊಡಗುವುದು ಬಹುತೇಕ ಎಲ್ಲರೂ ಮಾಡುವ ಕೆಲಸ. ನಾನೂ ಹಾಗೆ ಮೂರು ನಾಲ್ಕು ಮುಚ್ಚಳಗಳನ್ನು ಕೆಡಿಸಿದ್ದೇನೆ. ಮುಚ್ಚಳದಲ್ಲಿ ಕಾಣಿಸಿಕೊಂಡ ದೋಷ ಹುಟ್ಟಿರುವುದು ಹೆಚ್ಚಿನ ಸಲ ಮೂರು ಹಂತ ಹಿಂದೆ, ಪೆಟ್ಟಿಗೆಯ ಒಳಭಾಗವನ್ನು ಕೊಯ್ದು ತೆಗೆಯುವಾಗ. ಆ ಕೊಯ್ತ ಹೇಗೆ ನಡೆಯಿತು ಎಂಬುದರ ಗುರುತು ಪೂರ್ತಿಯಾಗಿ ಉಳಿದಿರುವುದು ನಾವು ಮೂಲೆಗೆ ಎಸೆಯುವ ನಡುವಿನ ತುಂಡಿನ ಮೈಮೇಲೆ. ಇಲ್ಲಿ ಅದನ್ನು ಒಳತುಂಡು ಎಂದು ಕರೆಯುತ್ತೇನೆ. ಪೆಟ್ಟಿಗೆಗೆ ಪಾಲಿಶ್ ಆಗುವ ತನಕ ಅದನ್ನು ಒಲೆಗೆ ಹಾಕಬಾರದು ಎಂಬುದು ಈ ಕೈಪಿಡಿಯ ಮೊದಲ ಸೂಚನೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದೇ ಪೆಟ್ಟಿಗೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಅಂಡಾಕಾರದ ಒಡವೆ ಪೆಟ್ಟಿಗೆ. ಉದ್ದ 140 ಮಿ.ಮೀ., ಅಗಲ 90 ಮಿ.ಮೀ., ಗೋಡೆಯ ದಪ್ಪ 8 ಮಿ.ಮೀ. ಮೈಗೆ 36 ಮಿ.ಮೀ. ದಪ್ಪದ ಹಲಸಿನ ತುಂಡು, ತಳಕ್ಕೆ 6 ಮಿ.ಮೀ. ಹಲಸಿನ ಹಲಗೆ, ಮುಚ್ಚಳಕ್ಕೆ 9 ಮಿ.ಮೀ. ತೇಗ, ಮುಚ್ಚಳ ಜಾರದಂತೆ ಅದರ ಅಡಿಗೆ ಅಂಟಿಸುವ 5 ಮಿ.ಮೀ. ದಪ್ಪದ ಒಂದು ಒಳಬಿಲ್ಲೆ. ಮೊದಲು ಒಳಗೆರೆಯ ಪಕ್ಕದಲ್ಲಿ, ವ್ಯರ್ಥವಾಗುವ ಕಡೆಗೆ, 2 ಮಿ.ಮೀ. ತೂತು ಕೊರೆದು ಬ್ಲೇಡನ್ನು ಅದರೊಳಗೆ ತೂರಿಸಿ ಒಳಭಾಗವನ್ನು ಕೊಯ್ದು ತೆಗೆಯಬೇಕು. ಆಮೇಲೆ ತಳವನ್ನು ಅಂಟಿಸಿ, ಅಂಟು ಒಣಗಿದ ಮೇಲೆ ಮೈ ಮತ್ತು ತಳ ಎರಡನ್ನೂ ಸೇರಿಸಿ ಹೊರಗೆರೆಯನ್ನು ಕೊಯ್ಯಬೇಕು. ಆಗ ಒಟ್ಟು ದಪ್ಪ 42 ಮಿ.ಮೀ. ಆಗುತ್ತದೆ. ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ 50 ಮಿ.ಮೀ. ತನಕ ಕೊಯ್ಯಬಲ್ಲವು ಎಂದು ಬರೆದಿರುತ್ತದೆಯಾದರೂ ಆ ಅಂಚಿನಲ್ಲಿ ಯಂತ್ರದ ಪ್ರತಿಯೊಂದು ಸಣ್ಣ ಕೊರತೆಯೂ ದೊಡ್ಡದಾಗಿ ಕಾಣುತ್ತದೆ. ತೆಳು ಹಲಗೆಯಲ್ಲಿ ಹೂಬಳ್ಳಿ ಕೊಯ್ಯುವಾಗ ಎಂದೂ ತೊಂದರೆ ಕೊಡದ ಯಂತ್ರ ಪೆಟ್ಟಿಗೆಗೆ ಬಂದಾಗ ಹಠ ಮಾಡುವುದು ಇದೇ ಕಾರಣಕ್ಕೆ.

ಒಳತುಂಡು ಏನು ಹೇಳುತ್ತದೆ

ಕೊಯ್ತ ಮುಗಿದು ಗೆರೆ ಕೂಡಿಕೊಂಡ ಕೂಡಲೇ ಯಂತ್ರವನ್ನು ನಿಲ್ಲಿಸಿ, ಬ್ಲೇಡು ಬಿಚ್ಚಿ, ಒಳತುಂಡನ್ನು ಬೆರಳಿನಿಂದ ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ ತಳ್ಳಿ ನೋಡಬೇಕು. ಎರಡೂ ಕಡೆಗೆ ಸಲೀಸಾಗಿ ಜಾರಿದರೆ ಗೋಡೆ ಹೆಚ್ಚುಕಡಿಮೆ ನೆಟ್ಟಗಿದೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಬಹುದು. ಒಂದೇ ಕಡೆಗೆ ಜಾರಿ ಇನ್ನೊಂದು ಕಡೆಗೆ ಸಿಕ್ಕಿಕೊಂಡರೆ ತುಂಡು ಲೋಟದಂತೆ ಒಂದು ತುದಿಗೆ ಕಿರಿದಾಗಿದೆ, ಅಂದರೆ ಕೊಯ್ತ ವಾಲಿದೆ. ಎರಡು ಕಡೆಗೂ ಸಿಕ್ಕಿಕೊಂಡರೆ ಗೋಡೆಯ ನಡುಭಾಗ ಉಬ್ಬಿದೆ ಅಥವಾ ತಗ್ಗಿದೆ, ಅಂದರೆ ಮರದೊಳಗೆ ಬ್ಲೇಡು ಬಿಲ್ಲಿನಂತೆ ಬಾಗಿದೆ. ಈ ಮೂರು ಸ್ಥಿತಿಗಳಿಗೆ ಕಾರಣಗಳು ಬೇರೆ ಬೇರೆ, ಮದ್ದೂ ಬೇರೆ ಬೇರೆ. ಎಲ್ಲಕ್ಕೂ ಒಂದೇ ಎಂಬಂತೆ ಬ್ಲೇಡನ್ನು ಇನ್ನಷ್ಟು ಬಿಗಿ ಮಾಡುವುದರಿಂದ ಪ್ರಯೋಜನವಿಲ್ಲ.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಮರವನ್ನಿಟ್ಟು ಕೊಯ್ಯುವ ಯಂತ್ರದ ಟೇಬಲ್ಲು 1 ಡಿಗ್ರಿ ವಾಲಿದ್ದರೆ 36 ಮಿ.ಮೀ. ದಪ್ಪದಲ್ಲಿ ಗೋಡೆಯ ಮೇಲಂಚಿಗೂ ಕೆಳಗಿನ ಅಂಚಿಗೂ ನಡುವೆ 0.63 ಮಿ.ಮೀ. ವ್ಯತ್ಯಾಸ ಬರುತ್ತದೆ, ಎದುರುಬದುರು ಗೋಡೆಗಳೆರಡನ್ನೂ ಸೇರಿಸಿದರೆ ಪೆಟ್ಟಿಗೆಯ ಬಾಯಿಗೂ ತಳಕ್ಕೂ ಸುಮಾರು ಒಂದೂಕಾಲು ಮಿ.ಮೀ. 7ನೇ ನಂಬರಿನ ಬ್ಲೇಡು ಬಿಡುವ ಸೀಳು ಅರ್ಧ ಮಿ.ಮೀ.ಗಿಂತ ತುಸು ಕಡಿಮೆ. ವಾಲಿಕೆಯಿಂದ ಬಂದ ವ್ಯತ್ಯಾಸ ಸೀಳಿನ ಅಗಲವನ್ನು ಮೀರಿದಾಗ ಮಾತ್ರ ಒಳತುಂಡು ಒಂದು ಕಡೆಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 0.7 ಡಿಗ್ರಿ. ಅದಕ್ಕಿಂತ ಕಡಿಮೆ, ಅರ್ಧ ಡಿಗ್ರಿಯಷ್ಟು ವಾಲಿದ್ದರೆ ಒಳತುಂಡು ಎರಡು ಕಡೆಗೂ ಜಾರಿ ನಮ್ಮನ್ನು ಏಮಾರಿಸುತ್ತದೆ, ಆದರೆ ಬಾಯಿಗೂ ತಳಕ್ಕೂ ಅರ್ಧ ಮಿ.ಮೀ.ಗಿಂತ ಹೆಚ್ಚಿನ ಅಂತರ ಗೋಡೆಯಲ್ಲಿ ಕೂತಿರುತ್ತದೆ. ಆದ್ದರಿಂದ ಬೆರಳಿನ ಪರೀಕ್ಷೆ ಮುಗಿದ ಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ಒಳತುಂಡಿನ ಉದ್ದ ಅಗಲಗಳನ್ನು ಮೇಲ್ಮೈಯ ಅಂಚಿನಲ್ಲಿ ಒಮ್ಮೆ, ಅಡಿಯ ಅಂಚಿನಲ್ಲಿ ಒಮ್ಮೆ, ನಡುವೆ ಒಮ್ಮೆ ಅಳೆದು ಆ ತುಂಡಿನ ಮೇಲೆಯೇ ಪೆನ್ಸಿಲಿನಿಂದ ಬರೆದಿಡಬೇಕು. ತುಂಡಿನ ಮೇಲ್ಮೈ ಯಾವುದು ಎಂಬ ಗುರುತನ್ನು ಕೊಯ್ಯುವ ಮೊದಲೇ ಹಾಕಿರಬೇಕು, ಹೊರಗೆ ತೆಗೆದ ಮೇಲೆ ಹೇಳುವುದು ಕಷ್ಟ.

ಅಳತೆಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ವಾಲಿಕೆ ಸುತ್ತಲೂ ಒಂದೇ ಸಮನಾಗಿದ್ದರೆ ತಪ್ಪು ಟೇಬಲ್ಲಿನದು. ನೇರಕ್ಕೆ ಹತ್ತಿರವಾದ ಉದ್ದನೆಯ ಬದಿಗಳಲ್ಲಿ ಗೋಡೆ ನೆಟ್ಟಗಿದ್ದು, ಅಂಡಾಕಾರದ ಎರಡು ತುದಿಗಳಲ್ಲಿ, ಅಂದರೆ ತಿರುವು ಬಿಗಿಯಾಗಿರುವಲ್ಲಿ ಮಾತ್ರ ವಾಲಿದ್ದರೆ ಟೇಬಲ್ಲನ್ನು ಮುಟ್ಟುವ ಅಗತ್ಯವಿಲ್ಲ; ಅಲ್ಲಿ ಕೈ ಮರವನ್ನು ಪಕ್ಕಕ್ಕೆ ಒತ್ತಿದೆ. ಸಂಶಯ ಉಳಿದರೆ ಇದೇ ದಪ್ಪದ ರದ್ದಿ ತುಂಡಿನಲ್ಲಿ ಎರಡು ಸಣ್ಣ ವೃತ್ತಗಳನ್ನು, ಒಂದನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಇನ್ನೊಂದನ್ನು ಅದಕ್ಕೆ ವಿರುದ್ಧವಾಗಿ ಕೊಯ್ದು ನೋಡಬಹುದು. ಟೇಬಲ್ಲು ವಾಲಿದ್ದರೆ ಒಂದು ಬಿಲ್ಲೆ ಕೆಳಗೆ ಕಿರಿದಾಗಿರುತ್ತದೆ, ಇನ್ನೊಂದು ಮೇಲೆ ಕಿರಿದಾಗಿರುತ್ತದೆ. ದಿಕ್ಕು ಬದಲಾದರೂ ಇಳಿಜಾರು ಬದಲಾಗದಿದ್ದರೆ ಟೇಬಲ್ಲನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ಟೇಬಲ್ಲನ್ನು ಲಂಬಕ್ಕೆ ತರುವುದು

ಟೇಬಲ್ಲಿನ ಅಡಿಯಲ್ಲಿರುವ ಡಿಗ್ರಿ ಪಟ್ಟಿ ಬರೀ ಅಂದಾಜಿಗೆ. ಸೊನ್ನೆಯ ಗೆರೆಗೆ ಮುಳ್ಳನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಟೇಬಲ್ಲು ಬ್ಲೇಡಿಗೆ ಲಂಬವಾಗಿದೆ ಎಂದು ನಂಬುವವರು ಮುಂದಿನ ಪೆಟ್ಟಿಗೆಯನ್ನೂ ಕೆಡಿಸಿಕೊಳ್ಳುತ್ತಾರೆ. ಲಂಬಕೋನ ನೋಡುವ ಸಣ್ಣ ಮೂಲೆಮಟ್ಟವನ್ನು ಬ್ಲೇಡಿನ ಪಕ್ಕಕ್ಕೆ ಇಟ್ಟು, ಹಿಂದೆ ಬಿಳಿ ಕಾಗದ ಹಿಡಿದು, ನಡುವೆ ಬೆಳಕು ಒಂದೇ ಸಮನಾಗಿ ಕಾಣುವ ತನಕ ಟೇಬಲ್ಲನ್ನು ಸರಿಪಡಿಸುವುದು ಒಂದು ದಾರಿ. ಬ್ಲೇಡು ಆಗ ಪೂರ್ತಿ ಬಿಗಿಯಲ್ಲಿರಬೇಕು; ಸಡಿಲವಿದ್ದಾಗ ಹೊಂದಿಸಿದ ಟೇಬಲ್ಲು ಬಿಗಿ ಮಾಡಿದ ಮೇಲೆ ಸುಳ್ಳಾಗುತ್ತದೆ.

ಮೂಲೆಮಟ್ಟಕ್ಕಿಂತ ನಾನು ಹೆಚ್ಚು ನಂಬುವುದು ಮರದ ತುಂಡಿನ ಪರೀಕ್ಷೆಯನ್ನು. ಕೀಸುಳಿ ಹಿಡಿದು ಅಡಿಯನ್ನು ಸಮತಟ್ಟು ಮಾಡಿದ, ಪೆಟ್ಟಿಗೆಯಷ್ಟೇ ದಪ್ಪದ ತುಂಡೊಂದನ್ನು ತೆಗೆದುಕೊಂಡು ಅದರ ಅಂಚಿನಲ್ಲಿ 3 ಮಿ.ಮೀ. ಆಳದ ಒಂದು ಗೀರು ಕೊಯ್ಯಬೇಕು. ಯಂತ್ರವನ್ನು ನಿಲ್ಲಿಸಿ, ತುಂಡನ್ನು ಟೇಬಲ್ಲಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಭಾಗಕ್ಕೆ ಒಯ್ದು, ಬ್ಲೇಡಿನ ಬೆನ್ನು ಆ ಗೀರಿನೊಳಗೆ ಇಳಿಯುತ್ತದೆಯೇ ಎಂದು ನೋಡಬೇಕು. ಟೇಬಲ್ಲು ಲಂಬವಾಗಿದ್ದರೆ ಬ್ಲೇಡು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಒಳಗೆ ಕೂರುತ್ತದೆ. ವಾಲಿದ್ದರೆ ಮೇಲೆ ತಾಗಿ ಕೆಳಗೆ ಬಿಡುತ್ತದೆ ಅಥವಾ ಕೆಳಗೆ ತಾಗಿ ಮೇಲೆ ಬಿಡುತ್ತದೆ. ತುಂಡು ತಿರುಗಿರುವುದರಿಂದ ಇಲ್ಲಿ ಕಾಣುವ ತಪ್ಪು ನಿಜವಾದ ವಾಲಿಕೆಯ ಎರಡರಷ್ಟು. ಟೇಬಲ್ಲನ್ನು ಕಂಡದ್ದರ ಅರ್ಧದಷ್ಟು ಮಾತ್ರ ಸರಿಸಬೇಕು. ಟೇಬಲ್ಲಿನ ಕೆಳಗಿನ ತಿರುಪನ್ನು ಬಿಗಿ ಮಾಡುವಾಗ ಅದೇ ತಿರುಪು ಟೇಬಲ್ಲನ್ನು ಕೂದಲೆಳೆಯಷ್ಟು ಎಳೆದುಕೊಳ್ಳುವುದುಂಟು, ಹಾಗಾಗಿ ಬಿಗಿ ಮಾಡಿದ ಮೇಲೆ ಹೊಸ ಗೀರೊಂದನ್ನು ಕೊಯ್ದು ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ಇಷ್ಟು ದೂರುವ ಈ ವಾಲಿಕೆಯೇ ಇನ್ನೊಂದು ಕೆಲಸದಲ್ಲಿ ಉಪಾಯವಾಗುತ್ತದೆ. ಮುಚ್ಚಳದ ಮೇಲೆ ಬೇರೆ ಬಣ್ಣದ ಮರದ ಚಿತ್ತಾರ ಕೂರಿಸಬೇಕೆಂದರೆ 6 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಟೇಬಲ್ಲನ್ನು ಬೇಕೆಂದೇ ಸುಮಾರು 4 ಡಿಗ್ರಿ ವಾಲಿಸಿ ಕೊಯ್ದರೆ, 0.4 ಮಿ.ಮೀ. ಸೀಳು ಬಿಡುವ ಬ್ಲೇಡಿನಲ್ಲಿ ಮೇಲಿನ ಹಲಗೆಯಿಂದ ಕೊಯ್ದ ಚಿತ್ತಾರದ ತುಂಡು ಕೆಳಗಿನ ಹಲಗೆಯ ತೂತಿನಲ್ಲಿ ಸಂದು ಕಾಣದಂತೆ ಬಂದು ಕೂರುತ್ತದೆ. ಮೈಸೂರಿನ ಬೀಟೆ ಮರದ ಇನ್‌ಲೇ ಕುಶಲಕರ್ಮಿಗಳ ಕ್ರಮ ಬೇರೆ: ಕತ್ತರಿಸಿದ ತುಣುಕನ್ನು ಬೀಟೆಯ ಮೇಲಿಟ್ಟು ಗೆರೆ ಎಳೆದು, ಆ ಜಾಗವನ್ನು ಅಗೆದು ಅಂಟಿಸುತ್ತಾರೆ. ಅಲ್ಲಿ ತುಣುಕಿನ ಅಂಚು ನೆಟ್ಟಗಿರುವುದೇ ಬೇಕು. ಇನ್‌ಲೇಗೆ ವಾಲಿಸಿದ ಟೇಬಲ್ಲನ್ನು ಮರಳಿ ಲಂಬಕ್ಕೆ ತರಲು ಮರೆತು ಪೆಟ್ಟಿಗೆಗೆ ಕೈಹಾಕಿದ ದಿನವೂ ನನ್ನ ಲೆಕ್ಕದಲ್ಲಿದೆ, ಆ ಒಳತುಂಡು ಈಗಲೂ ಕಿಟಕಿಯ ಮೇಲೆ ಕಾಗದದ ಭಾರವಾಗಿ ಕೂತಿದೆ.

ಬ್ಲೇಡು ಬಾಗಿದಾಗ

ಒಳತುಂಡಿನ ಬದಿಗೆ ಉಕ್ಕಿನ ಅಳತೆಪಟ್ಟಿಯನ್ನು ನಿಲ್ಲಿಸಿ ಹಿಡಿದು ಬೆಳಕಿಗೆ ಎದುರಾಗಿ ನೋಡಿದರೆ ಉಬ್ಬು ತಗ್ಗುಗಳು ತಿಳಿಯುತ್ತವೆ. ಪಟ್ಟಿಯ ಎರಡು ತುದಿಗಳಲ್ಲಿ ಬೆಳಕು ಸೋರಿದರೆ ತುಂಡು ನಡುವೆ ಉಬ್ಬಿದೆ, ನಡುವೆ ಸೋರಿದರೆ ತಗ್ಗಿದೆ. ಎರಡಕ್ಕೂ ಮೂಲ ಒಂದೇ: ಮೇಲಿನ ಮತ್ತು ಕೆಳಗಿನ ಹಿಡಿತಗಳ ನಡುವೆ ನೆಟ್ಟಗೆ ನಿಲ್ಲಬೇಕಾದ ಬ್ಲೇಡಿನ ನಡುಭಾಗ ಮರದ ಒತ್ತಡಕ್ಕೆ ಪಕ್ಕಕ್ಕೆ ಸರಿದಿದೆ. ಬಿಗಿ ಸಾಲದೇ ಹೋದರೆ, ಹಲ್ಲು ಮೊಂಡಾದರೆ, ದಪ್ಪ ಮರಕ್ಕೆ ತೀರ ಸಣ್ಣ ಬ್ಲೇಡು ಹಾಕಿದರೆ, ಅಥವಾ ಬ್ಲೇಡು ಕೊಯ್ಯುವ ವೇಗಕ್ಕಿಂತ ಜೋರಾಗಿ ಮರವನ್ನು ತಳ್ಳಿದರೆ ಹೀಗಾಗುತ್ತದೆ.

ಈ ನಾಲ್ಕರಲ್ಲಿ ಯಾವುದು ಎಂದು ತಿಳಿಯಲು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಿಗಿಯಿಂದ ಶುರು ಮಾಡುವುದು ಸುಲಭ. ಯಂತ್ರದ ಪ್ಲಗ್ ತೆಗೆದು ಬ್ಲೇಡನ್ನು ತಂಬೂರಿಯ ತಂತಿಯಂತೆ ಬೆರಳಿನಿಂದ ಮೀಟಿದರೆ ಸಣ್ಣಗೆ, ಸ್ಪಷ್ಟವಾಗಿ ನಾದ ಬರಬೇಕು. ದಪ್ಪ ದನಿಯಲ್ಲಿ ಡಬ್ ಎಂದರೆ ಬಿಗಿ ಸಾಲದು. ಬೆರಳಿನಿಂದ ಪಕ್ಕಕ್ಕೆ ಒತ್ತಿದಾಗ 3 ಮಿ.ಮೀ.ಗಿಂತ ಹೆಚ್ಚು ಸರಿಯಬಾರದು. ಬಿಗಿ ಸರಿಯಿದ್ದೂ ಗೋಡೆ ಉಬ್ಬಿದರೆ ಹೊಸ ಬ್ಲೇಡು ಹಾಕಿ ಅದೇ ತಿರುವನ್ನು ರದ್ದಿಯಲ್ಲಿ ಕೊಯ್ದು ನೋಡಬೇಕು. ಬ್ಲೇಡಿನ ವಿಷಯದಲ್ಲಿ ಜಿಪುಣತನ ಕೆಲಸಕ್ಕೆ ಬಾರದು. 36 ಮಿ.ಮೀ. ಹಲಸಿನಲ್ಲಿ ಕಾಲು ಗಂಟೆ ಕೊಯ್ದ ಬ್ಲೇಡು ಬರಿಗಣ್ಣಿಗೆ ಹೊಸದರಂತೆಯೇ ಕಂಡರೂ ಹಲ್ಲಿನ ತುದಿ ಸವೆದಿರುತ್ತದೆ, ಕೈ ತನಗರಿವಿಲ್ಲದೆ ಹೆಚ್ಚು ಒತ್ತತೊಡಗಿರುತ್ತದೆ. ತೇಗದ ಮರದಲ್ಲಿ ಸಿಲಿಕಾ ಇರುವುದರಿಂದ ಅಲ್ಲಿ ಸವೆತ ಇನ್ನೂ ಬೇಗ. ಒಂದು ಪೆಟ್ಟಿಗೆಯ ಒಳಗೆರೆಗೆ ಒಂದು ಹೊಸ ಬ್ಲೇಡು, ಹೊರಗೆರೆಗೆ ಇನ್ನೊಂದು ಎಂದು ನಾನು ಮೊದಲೇ ಎತ್ತಿಡುತ್ತೇನೆ.

ನಂಬರಿನ ಆಯ್ಕೆಯೂ ಇಲ್ಲಿ ಸೇರುತ್ತದೆ. ಸ್ಕ್ರಾಲ್ ಸಾ ಬ್ಲೇಡುಗಳು 5 ಇಂಚು ಉದ್ದದವು. ನಂಬರು ಹೆಚ್ಚಿದಷ್ಟೂ ಅಗಲವೂ ದಪ್ಪವೂ ಹೆಚ್ಚು. ಮುಚ್ಚಳದ 9 ಮಿ.ಮೀ. ತೇಗಕ್ಕೆ 3 ಅಥವಾ 5 ಸಾಕು, ಪೆಟ್ಟಿಗೆಯ ಮೈಗೆ 7 ಅಥವಾ 9 ಬೇಕು. ಕಡಿಮೆ ಬೆಲೆಯ ಯಂತ್ರಗಳೊಂದಿಗೆ ಬರುವ, ತುದಿಗಳಲ್ಲಿ ಅಡ್ಡ ಪಿನ್ ಇರುವ ಬ್ಲೇಡುಗಳು ಗಟ್ಟಿಯಾದರೂ ಪಿನ್ ತೂರಲು ದೊಡ್ಡ ತೂತು ಬೇಕಾಗುತ್ತದೆ. ಪೆಟ್ಟಿಗೆಯ ಒಳಭಾಗಕ್ಕೆ ಅದು ತೊಂದರೆಯಲ್ಲ, ತೂತು ಹೇಗೂ ಒಳತುಂಡಿನಲ್ಲಿ ಹೋಗುತ್ತದೆ. ಮುಚ್ಚಳದ ಸಣ್ಣ ಜಾಲಂಧ್ರಕ್ಕೆ ಮಾತ್ರ ಅವು ಒಗ್ಗುವುದಿಲ್ಲ.

ಕೊಯ್ಯುವಾಗ ಕೈಯ ಒತ್ತಡ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ತಿರುವಿನ ನಡುವೆ ತಳ್ಳುವುದನ್ನು ನಿಲ್ಲಿಸಿ, ಮರವನ್ನು ಹಗುರವಾಗಿ ಹಿಡಿದು, ಬ್ಲೇಡು ಓಡುತ್ತಿರುವಾಗಲೇ ಎರಡು ಕ್ಷಣ ಕಾಯಬೇಕು. ಮರ ತಾನಾಗಿ ನಿಮ್ಮ ಕಡೆಗೆ ಅಥವಾ ಪಕ್ಕಕ್ಕೆ ಸರಿದರೆ ಬ್ಲೇಡು ಬಾಗಿತ್ತು, ಈಗ ನೆಟ್ಟಗಾಯಿತು ಎಂದು ಅರ್ಥ. ಅಂಡಾಕಾರದ ತುದಿಗಳಿಗೆ ಬಂದಾಗಲೆಲ್ಲ ಹೀಗೆ ನಿಲ್ಲಿಸಿ ಬ್ಲೇಡಿಗೆ ಉಸಿರಾಡಲು ಬಿಟ್ಟು ಮುಂದುವರಿದರೆ ಅರ್ಧದಷ್ಟು ಉಬ್ಬು ಅಲ್ಲೇ ಕಡಿಮೆಯಾಗುತ್ತದೆ.

ಗೆರೆ ಬಿಟ್ಟು ಪಕ್ಕಕ್ಕೆ ಹೋಗುವ ಬ್ಲೇಡು

ನೇರವಾಗಿ ತಳ್ಳಿದರೂ ಕೊಯ್ತ ಒಂದೇ ಕಡೆಗೆ, ಹೆಚ್ಚಾಗಿ ಬಲಕ್ಕೆ, ಜಾರುತ್ತದೆ ಎಂಬ ದೂರು ಹೊಸಬರೆಲ್ಲರದು. ಇದು ಯಂತ್ರದ ದೋಷವಲ್ಲ. ತಗಡಿನಿಂದ ಒತ್ತಿ ತೆಗೆದ ಬ್ಲೇಡುಗಳಲ್ಲಿ ಹಲ್ಲಿನ ಒಂದು ಬದಿಗೆ ಒರಟು ಅಂಚು ಉಳಿದಿರುತ್ತದೆ. ಆ ಬದಿ ಹೆಚ್ಚು ಕೊಯ್ಯುವುದರಿಂದ ಬ್ಲೇಡು ಅತ್ತ ಸೆಳೆಯುತ್ತದೆ. ರದ್ದಿ ಹಲಗೆಯಲ್ಲಿ ನೇರ ಗೆರೆ ಎಳೆದು, ಗೆರೆಯನ್ನು ಬಿಡದಂತೆ ಬೇಕಾದ ಹಾಗೆ ಹಲಗೆಯನ್ನು ಓರೆ ಮಾಡಿಕೊಂಡು ಕೊಯ್ದು, ನಡುವೆ ನಿಲ್ಲಿಸಿದರೆ ಹಲಗೆ ಎಷ್ಟು ಓರೆಯಾಗಿದೆ ಎಂಬುದು ಕಾಣುತ್ತದೆ. ಸಾಮಾನ್ಯವಾಗಿ ಅದು 3ರಿಂದ 5 ಡಿಗ್ರಿ. ಆ ಓರೆಯಲ್ಲೇ ನಿಂತು ಕೊಯ್ಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಲ್ಲದೆ, ಅದನ್ನು ಸರಿಪಡಿಸಲೆಂದು ಹಿಡಿತದಲ್ಲಿ ಬ್ಲೇಡನ್ನು ತಿರುಚಿ ಕೂರಿಸಬಾರದು. ತಿರುಚಿದ ಬ್ಲೇಡು ಸೀಳನ್ನು ಅಗಲ ಮಾಡಿ ಒಳತುಂಡಿನ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಬ್ಲೇಡಿನ ಹಾದಿ ಒಳಗೆರೆಯ ಮೇಲೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗಿದರೆ ಒಳತುಂಡು ನಮ್ಮ ಬಲಕ್ಕೆ ಉಳಿಯುತ್ತದೆ, ಬಲಬದಿಯ ಒರಟು ಅಂಚು ಅದನ್ನೇ ಕೆರೆಯುತ್ತದೆ, ಪೆಟ್ಟಿಗೆಯ ಗೋಡೆಗೆ ನಯವಾದ ಬದಿ ಸಿಗುತ್ತದೆ.

ಬ್ಲೇಡು ತುಂಡಾಗುವುದು, ಮರ ಕುಣಿಯುವುದು

ತುಂಡಾದ ಬ್ಲೇಡನ್ನು ಬಿಸಾಡುವ ಮೊದಲು ಎಲ್ಲಿ ತುಂಡಾಗಿದೆ ಎಂದು ನೋಡಬೇಕು. ಹಿಡಿತದ ಹತ್ತಿರವೇ ಪದೇ ಪದೇ ತುಂಡಾಗುತ್ತಿದ್ದರೆ ಹಿಡಿತದ ತಿರುಪು ಬ್ಲೇಡನ್ನು ಓರೆಯಾಗಿ ಕಚ್ಚಿದೆ. ಪ್ರತಿ ಏರಿಳಿತಕ್ಕೂ ಅದೇ ಜಾಗ ಮಡಿಚಿ ಮಡಿಚಿ ಲೋಹ ದಣಿದಿದೆ. ನಡುವೆ ತುಂಡಾದರೆ ಕಾರಣ ಕಾವು, ಮೊಂಡು ಹಲ್ಲು ಅಥವಾ ಕೈಯ ಒತ್ತಡ. ತುಂಡಾಗದೆ ಹಿಡಿತದಿಂದ ಜಾರಿ ಹೊರಬರುತ್ತಿದ್ದರೆ ಎಣ್ಣೆಯ ಮೇಲೆ ಅನುಮಾನಪಡಬೇಕು. ಹೊಸ ಬ್ಲೇಡುಗಳು ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿಕೊಂಡು ಬಂದಿರುತ್ತವೆ. ಎರಡೂ ತುದಿಗಳನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ಉಜ್ಜು ಕಾಗದವನ್ನು ಒಮ್ಮೆ ಆಡಿಸಿದರೆ ಜಾರುವುದು ನಿಲ್ಲುತ್ತದೆ. ಕೈಡ್ರಿಲ್ಲಿನಲ್ಲಿ ಓರೆಯಾಗಿ ಕೊರೆದ ಪ್ರವೇಶದ ತೂತೂ ಬ್ಲೇಡನ್ನು ಬಾಗಿಸಿ ಶುರುವಿನಲ್ಲೇ ಮುರಿಯಬಲ್ಲದು.

ಕೊಯ್ಯುವಾಗ ಮರ ಟಕಟಕ ಎಂದು ಟೇಬಲ್ಲಿನಿಂದ ಮೇಲೆ ಹಾರುತ್ತಿದ್ದರೆ ಮೊದಲು ಬ್ಲೇಡಿನ ಹಲ್ಲುಗಳ ಮೇಲೆ ಮೇಲಿನಿಂದ ಕೆಳಕ್ಕೆ ಬೆರಳಿನ ತುದಿಯನ್ನು ಹಗುರವಾಗಿ ಎಳೆದು ನೋಡಬೇಕು, ಯಂತ್ರದ ಪ್ಲಗ್ ತೆಗೆದ ಮೇಲೆ ಎಂಬುದನ್ನು ಹೇಳಬೇಕಾಗಿಲ್ಲ. ನಯವಾಗಿ ಜಾರಿದರೆ ಹಲ್ಲುಗಳು ಕೆಳಮುಖವಾಗಿವೆ, ಚುಚ್ಚಿದರೆ ಬ್ಲೇಡು ತಲೆಕೆಳಗಾಗಿದೆ. ಅದು ಸರಿಯಿದ್ದರೆ ಮರದ ಅಡಿ ಸಮತಟ್ಟಾಗಿದೆಯೇ ಎಂದು ನೋಡಬೇಕು. ಅಡಿ ಉಬ್ಬಿದ ಮರ ತೊಟ್ಟಿಲಿನಂತೆ ತೂಗುತ್ತಾ, ನೋಡಲು ಟೇಬಲ್ಲು ವಾಲಿದಂತೆಯೇ ಇರುವ ದೋಷವನ್ನು ಉಂಟುಮಾಡುತ್ತದೆ, ಆದರೆ ಒಳತುಂಡಿನ ಅಳತೆ ಒಂದೊಂದು ಕಡೆ ಒಂದೊಂದು ಬರುತ್ತದೆ. ಇಡೀ ಯಂತ್ರವೇ ಅದುರುತ್ತಿದ್ದರೆ ಬೋಲ್ಟ್ ಹಾಕಿ ಭಾರವಾದ ಮೇಜಿಗೆ ಬಿಗಿಯುವುದೊಂದೇ ದಾರಿ, ಅದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ.

ಕಪ್ಪು ಗೋಡೆ, ಕಿತ್ತ ಅಡಿ

ಗೋಡೆಯ ಮೇಲೆ ಸುಟ್ಟ ಕಲೆಗಳು ಬಿದ್ದಿರುವ ಜಾಗವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ತಿರುವಿನಲ್ಲಿ ಮಾತ್ರ ಕಪ್ಪಾಗಿದ್ದರೆ ಅಲ್ಲಿ ಮರವನ್ನು ತಿರುಗಿಸುತ್ತಾ ಬ್ಲೇಡನ್ನು ಒಂದೇ ಕಡೆ ಉಜ್ಜಿಸಿದ್ದೇವೆ. ಉದ್ದಕ್ಕೂ ಕಪ್ಪಾಗಿದ್ದರೆ ಹಲ್ಲು ಮೊಂಡಾಗಿದೆ ಅಥವಾ ವೇಗ ಹೆಚ್ಚಾಗಿದೆ. ಮನೆಬಳಕೆಯ ಯಂತ್ರಗಳ ವೇಗವನ್ನು ಹೆಚ್ಚಾಗಿ ನಿಮಿಷಕ್ಕೆ 400ರಿಂದ 1600 ಏರಿಳಿತಗಳ ನಡುವೆ ಹೊಂದಿಸಬಹುದು. ಈ ದಪ್ಪದ ಹಲಸನ್ನು ನಾನು 900ರ ಆಸುಪಾಸಿನಲ್ಲಿ ಕೊಯ್ಯುತ್ತೇನೆ. ಪಾರ್ಸೆಲ್ ಕಟ್ಟುವ ಪಾರದರ್ಶಕ ಟೇಪನ್ನು ಗೆರೆಯ ಮೇಲೆ ಅಂಟಿಸಿ ಅದರ ಮೇಲೆಯೇ ಕೊಯ್ದರೆ ಬ್ಲೇಡು ಸಲೀಸಾಗಿ ಜಾರಿ ಸುಡುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಸೀಳಿನಲ್ಲಿ ತುಂಬಿಕೊಂಡ ಪುಡಿಯೂ ಕಾವು ಹೆಚ್ಚಿಸುವುದರಿಂದ ಅದನ್ನು ಆಗಾಗ ಊದಿ ತೆಗೆಯಬೇಕು, ಮಾಸ್ಕ್ ಹಾಕಿಕೊಂಡು. ಬೀಟೆಯ ಪುಡಿಯಂತೂ ಕೆಲವರ ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ.

ಅಡಿಯ ಅಂಚಿನಲ್ಲಿ ನಾರು ಕಿತ್ತು ಚಕ್ಕೆ ಎದ್ದಿದ್ದರೆ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡನ್ನು ಬಳಸುವುದು ಎಲ್ಲರೂ ಹೇಳುವ ಪರಿಹಾರ. ಅದನ್ನು ಹಾಕಿದ ಮೇಲೂ ಚಕ್ಕೆ ಏಳುತ್ತಿದ್ದರೆ ಬ್ಲೇಡು ತೀರ ಕೆಳಗೆ ಕೂತಿರಬಹುದು. ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ ಬ್ಲೇಡನ್ನು ಅದರ ಅತಿ ಎತ್ತರಕ್ಕೆ ತಂದಾಗ ಮೇಲ್ಮುಖದ ಹಲ್ಲುಗಳಲ್ಲಿ ಎರಡು ಮೂರು ಟೇಬಲ್ಲಿನ ಮೇಲೆ ಕಾಣಬೇಕು; ಕಾಣದಿದ್ದರೆ ಆ ಹಲ್ಲುಗಳು ಮರವನ್ನು ಮುಟ್ಟುತ್ತಲೇ ಇಲ್ಲ.

ಕೊಯ್ತ ಸರಿ, ಆದರೂ ಮುಚ್ಚಳ ಬಿಗಿ

ಒಳತುಂಡು ನಿರ್ದೋಷಿ ಎಂದು ಅಳತೆಗಳು ಹೇಳಿದ ಮೇಲೂ ಮುಚ್ಚಳ ತೊಂದರೆ ಕೊಟ್ಟರೆ ನಾರಿನ ದಿಕ್ಕನ್ನು ನೋಡಬೇಕು. ಇದನ್ನು ನಾನು ಕಲಿತದ್ದು ನಾಚಿಕೆಪಡಬೇಕಾದ ಸಂದರ್ಭದಲ್ಲಿ. ಅಕ್ಕನ ಮಗಳ ಸೀಮಂತಕ್ಕೆಂದು ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಇದೇ ಅಳತೆಯ ಪೆಟ್ಟಿಗೆ ಮಾಡಿದ್ದೆ. ಮುಚ್ಚಳ ಹಗುರವಾಗಿ, ಗಾಳಿ ಒತ್ತಿದಂತೆ ಇಳಿದು ಕೂರುತ್ತಿತ್ತು. ಜುಲೈ ತಿಂಗಳಲ್ಲಿ ಉಡುಪಿಯ ಮನೆಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಬಳೆಗಳನ್ನು ಒಳಗಿಟ್ಟುಕೊಂಡ ಆ ಪೆಟ್ಟಿಗೆ ಯಾರ ಕೈಗೂ ತೆರೆಯದೆ ಕೂತಿತು. "ಮಾವ, ಇದಕ್ಕೆ ಬೀಗ ಎಲ್ಲಿ ಇಟ್ಟಿದ್ದೀರಿ?" ಎಂದು ಹುಡುಗಿ ಕೇಳಿದಳು. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟ ಮೇಲೆ ಬಿಟ್ಟುಕೊಂಡಿತು.

ತೆರೆದು ನೋಡಿದಾಗ ಪೆಟ್ಟಿಗೆಯ ಮೈಯಲ್ಲಿ ನಾರು ಉದ್ದಕ್ಕೆ ಓಡುತ್ತಿತ್ತು, ಒಳಬಿಲ್ಲೆಯಲ್ಲಿ ಅಡ್ಡಕ್ಕೆ. ಕೈಯಲ್ಲಿದ್ದ ಸಣ್ಣ ತುಂಡಿನಲ್ಲಿ ಬಿಲ್ಲೆ ಅಡ್ಡಕ್ಕೆ ಮಾತ್ರ ಹಿಡಿಸುತ್ತಿತ್ತು ಎಂಬ ಕಾರಣಕ್ಕೆ ಹಾಗೆ ಕೊಯ್ದಿದ್ದೆ. ಮರ ತೇವ ಹೀರಿದಾಗ ಹಿಗ್ಗುವುದು ನಾರಿಗೆ ಅಡ್ಡವಾಗಿ. ನಾರಿನ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. 124 ಮಿ.ಮೀ. ಉದ್ದದ ಬಿಲ್ಲೆ ಅಡ್ಡನಾರಿನಲ್ಲಿ ನೂರಕ್ಕೆ ಒಂದು ಪಾಲು ಹಿಗ್ಗಿದರೂ ಒಂದೂಕಾಲು ಮಿ.ಮೀ. ಬೆಳೆಯುತ್ತದೆ, ಪೆಟ್ಟಿಗೆಯ ಬಾಯಿ ಆ ದಿಕ್ಕಿನಲ್ಲಿ ಬೆಳೆಯುವುದೇ ಇಲ್ಲ. ಎರಡರ ನಾರೂ ಒಂದೇ ದಿಕ್ಕಿಗಿದ್ದು, ಮರವೂ ಒಂದೇ ಜಾತಿಯದಾಗಿದ್ದರೆ ಬಾಯಿ ಮತ್ತು ಬಿಲ್ಲೆ ಜೊತೆಜೊತೆಗೆ ಹಿಗ್ಗಿ ಕುಗ್ಗುತ್ತವೆ, ಸುತ್ತಲೂ ಅರ್ಧ ಮಿ.ಮೀ. ಸಂದು ಬಿಟ್ಟರೆ ಸಾಕಾಗುತ್ತದೆ. ಬಿಲ್ಲೆಯನ್ನು ಮುಚ್ಚಳಕ್ಕೆ ಅಂಟಿಸುವಾಗಲೂ ಇದೇ ನಿಯಮ, ತಳಕ್ಕೂ ಇದೇ ನಿಯಮ. ಅಡ್ಡನಾರಿನ ತಳವನ್ನು ಫೆವಿಕಾಲ್ ಹಾಕಿ ಎಷ್ಟು ಬಿಗಿಯಾಗಿ ಕ್ಲಾಂಪ್ ಮಾಡಿದರೂ ಒಂದೆರಡು ಋತುಗಳಲ್ಲಿ ತಳ ಬಿರುಕು ಬಿಡುತ್ತದೆ, ಇಲ್ಲವೇ ಅಂಟು ಬಿಟ್ಟು ಗೋಡೆಯಡಿ ಕಪ್ಪು ಗೆರೆಯೊಂದು ತೆರೆದುಕೊಳ್ಳುತ್ತದೆ.

ಅಂಟು ಬಿಡುವುದಕ್ಕೆ ಇನ್ನೊಂದು ಕಾರಣ ತೇಗದ ಎಣ್ಣೆ. ತೇಗ ಸೇರುವ ಸಂದುಗಳನ್ನು ಅಂಟು ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ಒರೆಸಿ ಮರುದಿನಕ್ಕೆ ಬಿಟ್ಟರೆ ಎಣ್ಣೆ ಒಳಗಿನಿಂದ ಮತ್ತೆ ಮೇಲೆ ಬಂದಿರುತ್ತದೆ.

ಪಾಲಿಶ್ ಆದ ಮೇಲೆ ಮುಚ್ಚಳದ ಮೇಲೆ ತೇಪೆ ಹಾಕಿದಂತೆ ಬಿಳಿಚಿದ ಕಲೆಗಳು ಕಂಡರೆ ಅದು ಮರದ ದೋಷವೂ ಅಲ್ಲ, ಪಾಲಿಶ್‌ನದೂ ಅಲ್ಲ. ವಿನ್ಯಾಸದ ಕಾಗದವನ್ನು ಅಂಟಿಸಿದ್ದ ಗೋಂದು ಪೂರ್ತಿ ಹೋಗಿಲ್ಲ ಅಥವಾ ಸಂದಿನಿಂದ ಹೊರಬಂದ ಅಂಟನ್ನು ಬೆರಳಿನಿಂದ ಸವರಿ ಹರಡಿದ್ದೇವೆ. ಪಾಲಿಶ್ ಹಚ್ಚಿದ ಮೇಲೆ ಇದಕ್ಕೆ ಎಲ್ಲವನ್ನೂ ಕೆರೆದು ತೆಗೆಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಆದ್ದರಿಂದ ಕೊನೆಯ ಉಜ್ಜುವಿಕೆ ಮುಗಿದ ಮೇಲೆ ಇಡೀ ಪೆಟ್ಟಿಗೆಗೆ ಟರ್ಪೆಂಟೈನ್ ಸವರಿ, ಒದ್ದೆ ಇರುವಾಗಲೇ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಅಂಟು ಕೂತ ಜಾಗ ಸುತ್ತಲಿನಷ್ಟು ಕಪ್ಪಾಗದೆ ಮಂಕಾಗಿ ಉಳಿಯುತ್ತದೆ. ಅಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಒಣಗಿದ ಮೇಲೆ 220 ನಂಬರಿನ ಕಾಗದದಿಂದ ನಾರಿನ ಉದ್ದಕ್ಕೆ ಉಜ್ಜಿ, ಇನ್ನೊಮ್ಮೆ ಟರ್ಪೆಂಟೈನ್ ಸವರಿ ನೋಡಿದ ಮೇಲೆಯೇ ಪಾಲಿಶ್ ಡಬ್ಬಿಯ ಮುಚ್ಚಳ ತೆಗೆಯಬೇಕು.